ಟೋಪಿ

ಪತ್ರಿಕೆಯಲ್ಲಿ ನನ್ನ ಹೆಸರು ಕೃತಕ ಬುದ್ಧಿಮತ್ತೆ.
ಮನೆಯಲ್ಲಿ ತಾರ್ಮೊ. ಬುದ್ಧಿಗೂ ನನಗೂ
ದೂರದ ನೆಂಟಸ್ತನ ಎನ್ನುತ್ತಾಳೆ ಅಕ್ಕ.

ತಾಲಿನ್ನಿನ ಮೂರನೇ ಮಹಡಿ, ಹನ್ನೆರಡು ಪರದೆ.
ಒಂದೊಂದರೊಳಗೂ ಮೊಣಕಾಲೆತ್ತರದ ಬಿಳಿ ಡಬ್ಬಿ,
ಆರು ಚಕ್ರ, ತಲೆಗೊಂದು ಕಿತ್ತಳೆ ಬಾವುಟ,
ಹೊಟ್ಟೆಯಲ್ಲಿ ಯಾರದೋ ಸೂಪು, ಯಾರದೋ ಕಪ್ಪು ಬ್ರೆಡ್ಡು.
ಹೊರಟಿವೆ ತಾರ್ತು ಊರಿನ ಹಿಮದ ಬೀದಿಯಲ್ಲಿ
ತಮ್ಮಷ್ಟಕ್ಕೆ ತಾವೇ.

‘ತಮ್ಮಷ್ಟಕ್ಕೆ ತಾವೇ’ ಕಂಪನಿಯ ಮಾತು.
ಸುಳ್ಳಲ್ಲ. ನೆಟ್ಟಗಿನ ದಾರಿಯಲ್ಲಿ ನೆಟ್ಟಗೇ ಹೋಗುತ್ತವೆ.
ಮೂಲೆ ಬಂದರೆ ಯೋಚನೆ,
ನಾಯಿ ಬಂದರೆ ಧ್ಯಾನ,
ಪಾರಿವಾಳ ಬಂದರೆ ನನಗೆ ಕರೆ.

ನನ್ನ ಮುಂದೆ ಮೂರು ಗುಂಡಿ:
ದಯವಿಟ್ಟು ತಳ್ಳಿ. ಧನ್ಯವಾದ.
ಮೂರನೆಯದು ಶಿಳ್ಳೆ, ಹಬ್ಬದ ದಿನಕ್ಕೆ.
ನಾಲ್ಕನೆಯದೊಂದಿತ್ತು, ‘ಕ್ಷಮಿಸಿ’ ಅಂತ.
ತಪ್ಪೊಪ್ಪಿಕೊಂಡಂತಾಗುತ್ತದೆ ಎಂದು ವಕೀಲರು ಕೀಳಿಸಿದರು.
ಧ್ವನಿ ನನ್ನದೇ. ನಟನನ್ನು ಕರೆಸಿದರೆ ಖರ್ಚು.

ಕ್ಯಾಮರಾ ಗಿಡ್ಡ. ಮೂರು ವರ್ಷದಲ್ಲಿ
ಇಡೀ ಊರನ್ನು ಬೂಟಿನಿಂದ ಬಲ್ಲೆ.
ಪ್ರೊಫೆಸರರ ಲೇಸು ಎಂದೂ ಬಿಚ್ಚಿಕೊಂಡದ್ದು.
ಕೆಂಪು ಬೂಟಿನ ಪಕ್ಕ ಒಂದು ಕಂದು ಬೂಟು ನಡೆಯುತ್ತಿತ್ತು,
ಜನವರಿಯಿಂದ ಕೆಂಪು ಒಂದೇ.
ನಾನು ಯಾರಿಗೂ ಹೇಳಿಲ್ಲ.

ಹಸಿರು ಉಣ್ಣೆಯ ಬೂಟು, ಎಡ ಹಿಮ್ಮಡಿಗೆ ತೊಗಲಿನ ತೇಪೆ:
ವೈಕೆ ಅಜ್ಜಿ.
ಹೆಸರು ಅವಳೇ ಹೇಳಿದ್ದು, ಡಬ್ಬಿಗೆ ಬೈಯುವಾಗ:
‘ನಾನು ವೈಕೆ ಕಣೋ, ನಲವತ್ತು ವರ್ಷ ಕ್ರೇನು ಓಡಿಸಿದವಳು,
ಗೇಣುದ್ದದ ಅಂಚಿಗೆ ಹೆದರಿ ನಿಲ್ಲುತ್ತೀಯಲ್ಲ, ಹೇಡಿ!’
ಬೈದು, ಪೊರಕೆ ತಂದು, ಹಿಂದಿನಿಂದ ಒಂದು ನೂಕು.
ಈ ಚಳಿಗಾಲ ನೂರ ಹದಿನೇಳು ನೂಕು.
ವರದಿಯಲ್ಲಿ ‘ಮಾನವ ಹಸ್ತಕ್ಷೇಪ: ಸೊನ್ನೆ.’
ಪೊರಕೆ ಹಸ್ತವಲ್ಲವಂತೆ.

ಫೆಬ್ರವರಿ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
‘ಕಿವಿಯಿಲ್ಲ ಅಂತ ಚಳಿಗೆ ಗೊತ್ತಾ?’ ಎಂದಳು ಅಜ್ಜಿ.
ತಾನೇ ಹೆಣೆದ ಟೋಪಿ ತೊಡಿಸಿದಳು
ಹುಬ್ಬಿನ ತನಕ. ಹುಬ್ಬಿಲ್ಲದ್ದರಿಂದ
ಕಣ್ಣು ದಾಟಿ, ಮೂಗಿರಬೇಕಾದ ಜಾಗದ ತನಕ.

ಏಳನೇ ಪರದೆ ಕಪ್ಪಾಯಿತು.
ಬೆಳಗಿನ ಹನ್ನೊಂದಕ್ಕೆ ಯಂತ್ರ ಘೋಷಿಸಿತು: ರಾತ್ರಿ.
ಹೆಣಿಗೆಯ ಸಂದಿಯಲ್ಲಿ ಬಿಸಿಲು ಮಿನುಗಿತು ನೋಡಿ,
ನಕ್ಷತ್ರಗಳನ್ನೂ ಎಣಿಸಿತು. ನಾನೂರ ಆರು.

ತುರ್ತು ಸಭೆ. ಒಬ್ಬರು ಗ್ರಹಣ ಎಂದರು,
ಒಬ್ಬರು ಬಾಗಿಲು ಮುಚ್ಚಿ ಬಂದು, ಸಣ್ಣ ದನಿಯಲ್ಲಿ,
ಪಕ್ಕದ ದೇಶದ ಕೈವಾಡ ಎಂದರು.
ನಾನು ‘ಟೋಪಿ’ ಎಂದೆ.
ಹಣ ಹಾಕಿದವರ ಪ್ರತಿನಿಧಿ ಎದ್ದು ನಿಂತ:
‘ಯಾರು? ಯಾರಿಗೆ? ಎಷ್ಟು?’

ಮೂರು ವಾರಕ್ಕೆ ಹೊಸ ಆವೃತ್ತಿ ಬಂತು, ಸುದ್ದಿಯೂ ಬಂತು:
‘ಉಣ್ಣೆಯನ್ನು ಗುರುತಿಸುವ ಪ್ರಪಂಚದ ಮೊದಲ ಡಬ್ಬಿ.’
ಮಾರನೆಯ ದಿನದಿಂದ ಮಫ್ಲರ್ ಕಂಡಲ್ಲೆಲ್ಲ
ಭಯಭಕ್ತಿಯಿಂದ ನಿಂತುಬಿಟ್ಟವು ಹನ್ನೆರಡೂ.
ಎಸ್ತೋನಿಯದ ಚಳಿಗಾಲ!
ಮಫ್ಲರ್ ಇಲ್ಲದ ಕೊರಳು ಎಲ್ಲಿಂದ ತರೋಣ?
ಆ ವಾರ ಊರಿಗೆ ಊರೇ ತಣ್ಣನೆ ಸೂಪು ಕುಡಿಯಿತು.
ಅಜ್ಜಿಯ ಪೊರಕೆ ಸವೆಯಿತು.

ಮೊನ್ನೆ ಅಕ್ಕನನ್ನು ನೋಡಲು ತಾರ್ತುವಿಗೆ ಹೋಗಿದ್ದೆ.
ಅಂಗಡಿಯ ಹೊಸ್ತಿಲಲ್ಲಿ ನನ್ನ ಚಕ್ರದ ಚೀಲ ಸಿಕ್ಕಿಕೊಂಡಿತು.
ಎಳೆದೆ. ಬರಲಿಲ್ಲ. ಬಗ್ಗಿ ನೋಡುತ್ತ ನಿಂತೆ,
ಮೂಲೆಯಲ್ಲಿ ಅವು ನಿಲ್ಲುವಂತೆಯೇ.
ಹಿಂದಿನಿಂದ ಯಾರೋ ಒಂದು ನೂಕು ನೂಕಿದರು.
ಅಭ್ಯಾಸಬಲ, ಮೊದಲು ಕಂಡದ್ದು ಕಾಲು:
ಹಸಿರು ಉಣ್ಣೆ, ಎಡ ಹಿಮ್ಮಡಿಗೆ ತೇಪೆ.

‘ಧನ್ಯವಾದ’ ಎಂದೆ. ಬಾಯಿಂದ ಬಂದದ್ದು
ಗುಂಡಿಯದೇ ರಾಗ, ಗುಂಡಿಯದೇ ಅಳತೆ.

ಬೂಟು ನಿಂತಿತು. ಮೆಲ್ಲಗೆ ಇತ್ತ ತಿರುಗಿತು.
‘ಲೇ, ನೀನಾ?
ಟೋಪಿ ಎಲ್ಲೋ?’

ಇದಕ್ಕೆ ಗುಂಡಿ ಕೊಟ್ಟಿರಲಿಲ್ಲ ಕಂಪನಿ.
ಶಿಳ್ಳೆ ಹಾಕಿದೆ.