ಸೊನ್ನೆ ಬರೆದ ಜಾಗ

ಅತ್ತೆಯ ಅಣ್ಣ ಇಡ್ವಲ್ ನಕ್ಷೆ ಕೊಟ್ಟದ್ದು ಕಡವಾಗಿ.
"ಸೋಮವಾರ ವಾಪಸ್ಸು ಬೇಕು" ಅಂದ,
ಕೊಟ್ಟ ಕೈಯಲ್ಲೇ ಒಂದು ಮೂಲೆ ಹಿಡಿದುಕೊಂಡು.
ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರು ಓಡಿಸಿದವನು,
ವೇಲ್ಸಿನ ನಡುಗುಡ್ಡಗಳ ತಿರುವೆಲ್ಲ
ಸೊಂಟದ ನೋವಾಗಿ ನೆನಪಿರುವವನು.

ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿ,
ಟೇಪೂ ಹಳದಿಗಟ್ಟಿ,
ಒಂದಿಡೀ ಊರು ಚಹಾದ ಕಲೆಯಲ್ಲಿ ಮುಳುಗಿದ ನಕ್ಷೆ.
ಅದರ ತುಂಬ ಪೆನ್ಸಿಲ್ಲಿನ ಪುಟ್ಟ ಪುಟ್ಟ ಕತ್ತರಿ ಗುರುತು,
ಪಕ್ಕಕ್ಕೊಂದು ಅಂಕಿ:
ಹದಿನಾಲ್ಕು. ಆರು. ಒಂಬತ್ತು. ಎರಡು.
"ಏನಿದು?" ಅಂದರೆ
"ಊಟದ ಹೊತ್ತು" ಅಂದ, ಅಷ್ಟೇ.
ಆ ಮನೆತನದವರು ಮಾತನ್ನೂ
ಚಿಲ್ಲರೆಯ ಹಾಗೆ ಎಣಿಸಿ ಕೊಡುತ್ತಾರೆ.

ಭಾನುವಾರ ಹೊರಟೆವು.
ಸ್ಟಿಯರಿಂಗಿಗೆ ಗೆಥಿನ್, ಪಕ್ಕಕ್ಕೆ ಅತ್ತೆ ಎಲಿನೆದ್,
ಅವರ ತೊಡೆಯ ಮೇಲೆ ಮೊಟ್ಟೆ ಸ್ಯಾಂಡ್‌ವಿಚ್ಚಿನ ಡಬ್ಬಿ,
ಹಿಂದೆ ಮಕ್ಕಳಿಬ್ಬರ ನಡುವೆ ನಾನು, ಗಡಿಕಲ್ಲು.
ಆ ವಾರವೆಲ್ಲ ನಾನೂ ಗೆಥಿನ್ನೂ ಮಾತಾಡಿದ್ದು
ಕರೆಂಟು ಬಿಲ್ಲಿನ ಬಗ್ಗೆ ಮಾತ್ರ.

ಹದಿನಾಲ್ಕು ಮೊದಲು ಸಿಕ್ಕಿತು:
ಈಗಲ್ಲಿ ಬರ್ಗರ್ ವ್ಯಾನು, ಮೋಟಾರ್ ಬೈಕುಗಳ ದಂಡು.
ಒಂಬತ್ತಕ್ಕೆ ಬೀಗ ಜಡಿದ ಗೇಟು.
ಆರರಲ್ಲಿ ಗೂಳಿ,
ನಮಗೇ ಕಾದಿದ್ದ ಹಾಗೆ ಎದ್ದು ನಿಂತಿತು.
"ಜಾಗ ಚೆನ್ನಾಗಿದೆ" ಅಂದರು ಅತ್ತೆ, "ಅದಕ್ಕೆ."

ಎರಡರಲ್ಲಿ ಇನ್ನೇನು ಹಾಸು ಬಿಡಿಸಬೇಕು,
ಜರಿಗಿಡಗಳ ಆಚೆ ಇನ್ನೊಂದು ಸಂಸಾರ.
ನಮ್ಮಂಥದೇ ಡಬ್ಬಿ, ನಮ್ಮಂಥದೇ ಜಗಳ.
ನಮ್ಮನ್ನು ಕಂಡದ್ದೇ ಅವರ ಮುಖ ಸಪ್ಪಗಾಯಿತು.
ಕನ್ನಡಿಗೆ ಕೈಬೀಸಿದಂತೆ ಕೈಬೀಸಿ
ಕಾರು ಹತ್ತಿದೆವು.

ಆಗ ಕೆರಿಸ್ಸಿಗೆ ಹೊಳೆಯಿತು, ಎಂಟು ವರ್ಷದವಳಿಗೆ:
"ಅಮ್ಮಾ, ಇದು ಗಾಡಿಗಳ ಲೆಕ್ಕ!
ಅವನ ಊಟ ಮುಗಿಯೋದರೊಳಗೆ
ರಸ್ತೇಲಿ ಎಷ್ಟು ಹೋದವು ಅಂತ."

ಯಾರೂ ಏನೂ ಅನ್ನಲಿಲ್ಲ ಸ್ವಲ್ಪ ಹೊತ್ತು.
ಟ್ಯಾಂಕರಿನ ಮೆಟ್ಟಿಲ ಮೇಲೆ ಇಡ್ವಲ್ ಕಂಡ ನನಗೆ,
ಬಾಯಿ ತುಂಬ ಬ್ರೆಡ್ಡು, ಬೆರಳು ಮಡಚುತ್ತ.
ಸದ್ದಿಲ್ಲದ ಜಾಗ ಹುಡುಕುತ್ತಿದ್ದನೋ,
ಯಾರಾದರೂ ಬಂದಾರೆಂದು ಕಾಯುತ್ತಿದ್ದನೋ.
ಪೆನ್ಸಿಲ್ಲು ಎರಡನ್ನೂ ಒಂದೇ ಥರ ಬರೆಯುತ್ತದೆ.

"ಹಾಗಾದರೆ ಸೊನ್ನೆ ಎಲ್ಲಿ?" ಮ್ಯಾಕ್ಸನ್‌ನ ಪ್ರಶ್ನೆ.

ಸೊನ್ನೆ ಇತ್ತು.
ಟೇಪಿನ ಅಡಿಯಲ್ಲಿ, ನಕ್ಷೆ ಮುಗಿಯುವ ಅಂಚಿನಲ್ಲಿ.

ನಡುವೆ ಹುಲ್ಲು ಬೆಳೆದ ದಾರಿ, ಕಾರಿನ ಹೊಟ್ಟೆಗೆ ಕಚಗುಳಿ.
ಗೇಟು ತೆಗೆ, ಮುಚ್ಚು. ತೆಗೆ, ಮುಚ್ಚು.
ಮೂರನೆಯದು ಗೇಟೇ ಅಲ್ಲ,
ಯಾರದೋ ಹಳೆಯ ಕಬ್ಬಿಣದ ಮಂಚದ ತಲೆಭಾಗ,
ಹಗ್ಗದಲ್ಲಿ ಕಟ್ಟಿದ್ದು. ಅದರಾಚೆ
ಒಂದು ತೊರೆ, ಗಾಳಿಗೆ ಒಂದೇ ಕಡೆ ಬಾಗಿದ ಒಂದು ಮರ,
ನಮ್ಮನ್ನು ನೋಡಿ ಮತ್ತೆ ಮೇಯತೊಡಗಿದ ಕುರಿಗಳು.

ಮಕ್ಕಳು ನೀರಿಗಿಳಿದರು. ಅತ್ತೆ ಶೂ ಬಿಚ್ಚಿದರು,
ಮದುವೆಯಾದ ಹನ್ನೊಂದು ವರ್ಷದಲ್ಲಿ
ಅವರ ಪಾದ ನಾನು ನೋಡಿದ್ದು ಅವತ್ತೇ.
ಗೆಥಿನ್ ಟೊಮೇಟೊ ಹೆಚ್ಚಿದ, ಉಪ್ಪು ಹಾಕಿದ,
ಕೇಳದೆಯೇ ದೊಡ್ಡ ಅರ್ಧ ನನ್ನ ಕಡೆ ಚಾಚಿದ.
"ಏನೂ ಕೇಳಿಸ್ತಿಲ್ಲ ಅಲ್ವಾ?" ಅಂದ.
ಹೌದು ಅಂದೆ.
ತೊರೆ ಕೇಳಿಸುತ್ತಿತ್ತು. ಅವನು ಜಗಿಯುವುದು ಕೇಳಿಸುತ್ತಿತ್ತು.

ಹೊರಡುವಾಗ ಕೆರಿಸ್ ಬೇಡಬೇಡ ಅನ್ನುವುದರೊಳಗೆ
ನಕ್ಷೆಯ ಸೊನ್ನೆ ಹೊಡೆದು ಒಂದು ಅಂತ ಬರೆದಳು.
"ಮತ್ತೆ, ನಾವು ಬಂದ್ವಲ್ಲ?"

ಸೋಮವಾರ ಇಡ್ವಲ್
ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ.
ಬೆರಳು ನಿಧಾನಕ್ಕೆ ಅಂಚಿಗೆ ಹೋಗಿ ನಿಂತಿತು.
ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
"ಒಂದು" ಅಂದ.
ಬಹಳ ಹೊತ್ತಿನ ಮೇಲೆ,
"ಮಂಚ ಮುಚ್ಚಿ ಬಂದಿರಿ ತಾನೆ?"