ಕೊಳ್ಳದೆ ಹೋದವರ ಲೆಕ್ಕ

ಮೊಯ್ದು ಕಾಕ ಅಂಗಡಿ ನನಗೆ ಬಿಟ್ಟುಕೊಟ್ಟ ದಿನ
ಬೀಗದ ಕೈ ಜೊತೆ ಒಂದೇ ಮಾತು ಕೊಟ್ಟರು:
'ಕಾಫಿಪುಡಿಗೆ ಬಾಯಿ ಬೇಡ ಮೋಳೆ, ಘಮ ಸಾಕು.'
ಸುಂಟಿಕೊಪ್ಪದ ಆ ತಿರುವಿನಲ್ಲಿ ಆಗ ನಮ್ಮದೊಂದೇ ಗಿರಣಿ.
ಘಮವೂ ಒಂದೇ.
ಹನ್ನೊಂದು ವರ್ಷ ಆ ಮಾತು ನಡೆಯಿತು.

ಆಮೇಲೆ ಎದುರಿಗೆ ಶಾಜಿ ಬಂದ.
ಗಾಜಿನ ಬಾಗಿಲು, ಹಳದಿ ದೀಪ,
ಚೀಲದ ಮೇಲೆ ಆನೆ, ಆನೆಯ ಮೇಲೆ ಮಂಜು.
ಮಡಿಕೇರಿಗೆ ಏರುವ ಕಾರುಗಳೆಲ್ಲ
ಯಾರೋ ಹೇಳಿಕೊಟ್ಟ ಹಾಗೆ ಎಡಕ್ಕೇ ನಿಲ್ಲತೊಡಗಿದವು.

ಕಿಲೋಗೆ ನಲವತ್ತು ಇಳಿಸಿದೆ.
ಅವನು ಐವತ್ತು ಇಳಿಸಿದ.
ಹೀಗೇ ಇಳಿದರೆ ಇಬ್ಬರೂ ಹಾರಂಗಿಗೆ ಬೀಳುತ್ತೇವೆ ಅನ್ನಿಸಿ
ನಿಲ್ಲಿಸಿದೆ.

ಹಳೆಯ ಸಾಲದ ಪುಸ್ತಕದಲ್ಲಿ ಹಾಳೆ ಉಳಿದಿದ್ದವು.
ಕೊಂಡವರ ಲೆಕ್ಕ ಗಲ್ಲಾಪೆಟ್ಟಿಗೆ ಹೇಳುತ್ತದೆ;
ಕೊಳ್ಳದೆ ಹೋದವರದ್ದು ಯಾರು ಹೇಳಬೇಕು?

ಸೋಮವಾರ: ಲೈನುಮನೆಯ ಹೆಂಗಸು. ಐವತ್ತು ಗ್ರಾಂ ಕೇಳಿದಳು.
ಕಾಲು ಕಿಲೋಗಿಂತ ಕಮ್ಮಿ ಇಲ್ಲ ಅಂದೆ. ಹೋದಳು.
ಮಂಗಳವಾರ: ಮೇಷ್ಟರು. ಹುರಿದದ್ದು ಯಾವಾಗ ಅಂದರು.
ಮೊನ್ನೆ ಇರಬೇಕು ಅಂದೆ. ಆ 'ಇರಬೇಕು' ನನಗೇ ಕೇಳಿಸಿತು.
ಬುಧವಾರ: ಗರಗಂದೂರಿನ ಹೊಸ ಸೊಸೆ. ಮನೆಯಲ್ಲಿ ಫಿಲ್ಟರ್ ಇಲ್ಲವಂತೆ.
ನನ್ನಲ್ಲೂ ಇರಲಿಲ್ಲ.
ಗುರುವಾರ: ಅಸ್ಸಾಮಿನ ಮೂವರು ಹುಡುಗರು. ಚಾಯ್‌ಪತ್ತಿ ಇದೆಯಾ?
ನಕ್ಕುಬಿಟ್ಟೆ. ಅವರೂ ನಕ್ಕರು. ಹೋದರು.
ಶುಕ್ರವಾರ ಯಾರೂ ಬರಲಿಲ್ಲ. ಅದನ್ನೂ ಬರೆದೆ.

ತಿಂಗಳಿಗೆ ಒಂದೇ ಬದಲಾವಣೆ ಎಂದು ಗೆರೆ ಎಳೆದುಕೊಂಡೆ.
ಉಪ್ಪನ್ನೂ ಕಾಚಂಪುಳಿಯನ್ನೂ ಒಟ್ಟಿಗೆ ಸುರಿದರೆ
ಕೆಟ್ಟದ್ದು ಯಾವುದರಿಂದ ಎಂದು ನಾಲಿಗೆಗೂ ತಿಳಿಯುವುದಿಲ್ಲ.

ಮೊದಲು ಐವತ್ತು ಗ್ರಾಮಿನ ಪೊಟ್ಟಣ.
ಆಮೇಲೆ ಡಬ್ಬದ ಮೇಲೆ ಸೀಮೆಸುಣ್ಣದ ತಾರೀಖು,
ಸುಳ್ಳು ಹೇಳಲಾಗದಷ್ಟು ದೊಡ್ಡದಾಗಿ.
ಗಿರಣಿಯನ್ನು ಬಾಗಿಲಿಗೆ ಎಳೆದು
ಹತ್ತೂಕಾಲರ ಬಸ್ಸಿಗೆ ಸರಿಯಾಗಿ ಬೀಸಿದೆ;
ಇಳಿದವರು ಮತ್ತೆ ಹತ್ತುವುದಿಲ್ಲ ಎಂದು ಕಂಡಕ್ಟರ್ ಬೈದ.
ರುಚಿ ನೋಡಲು ಲೋಟ ಇಟ್ಟದ್ದು ಮಾತ್ರ ಸೋತಿತು:
ಆಟೋದವರು ದಿನಕ್ಕೆ ಮೂರು ಸಲ ರುಚಿ ನೋಡಿದರು.

ಚಹಾಪುಡಿ ತಂದ ದಿನ
ಮಸೀದಿಯಿಂದ ಬರುತ್ತಿದ್ದ ಮೊಯ್ದು ಕಾಕ ನಿಂತು, ಡಬ್ಬ ನೋಡಿ,
ಸಾವಿನ ಮನೆ ಹೊಕ್ಕವರಂತೆ ಟೋಪಿ ಸರಿಮಾಡಿಕೊಂಡರು.
ಸಂಬಳದ ಶನಿವಾರ ಆ ಡಬ್ಬ ಬರಿದಾಯಿತು.

ನಿಲ್ಲದ ಕಾರುಗಳನ್ನೂ ಬರೆಯುತ್ತಿದ್ದೆ.
ಏರುವ ಕಾರಿಗೆ ಎಡವೆಂದರೆ ಅವನು. ಸರಿ.
ಇಳಿಯುವ ಕಾರಿಗೆ?
ಪೆನ್ನು ಕೈಯಲ್ಲೇ ನಿಂತಿತು.
ಮನೆಗೆ ಹೊರಟವರು, ಅತ್ತೆಗೆ ಏನೂ ಕೊಳ್ಳಲು ಮರೆತವರು,
ಭಾನುವಾರ ಸಂಜೆ ಏಳರ ಮೇಲೆ
ಸಾಲುಸಾಲಾಗಿ ನನ್ನ ಮಗ್ಗುಲಲ್ಲೇ ಹಾದುಹೋಗುತ್ತಿದ್ದರು.
ಇಷ್ಟು ವರ್ಷ ನಾನು ಷಟರ್ ಎಳೆಯುತ್ತಿದ್ದದ್ದು ಆರೂವರೆಗೆ.

ಕಕ್ಕಡದಲ್ಲಿ ಶಾಜಿಯ ಗಿರಣಿಯ ಬೆಲ್ಟ್ ಹರಿಯಿತು.
ಕೇಳಲು ಬಂದವನು ಒಳಗೆ ಕಾಲಿಡದೆ ಛತ್ರಿ ಹಿಡಿದೇ ನಿಂತ.
ನನ್ನಲ್ಲಿ ಒಂದು ಹೆಚ್ಚಿನದಿತ್ತು.
ಒಂದು ಹಿಡಿ ಬೀಜ ಬೀಸುವಷ್ಟು ಹೊತ್ತು ಯೋಚಿಸಿದೆ.
ಕೊಟ್ಟೆ. ಜೋಡಿಸಲು ನಾನೇ ಹೋದೆ.

ಅವನ ಕೌಂಟರಿನ ಮೇಲೆ ಫ್ಯಾನಿನ ಗಾಳಿಗೆ ಹಾಳೆ ಮಗುಚುವ ನೋಟುಪುಸ್ತಕ.
ಉರುಟು ಅಕ್ಷರ. ಮೇ ತಿಂಗಳು.
'ಎದುರಂಗಡಿಯ ದಮಯಂತಿ ಚೇಚಿ. ಚೀಲ ತಿರುಗಿಸಿ ನೋಡಿದರು.
ಮೂಸಿದರು. ಕೊಳ್ಳಲಿಲ್ಲ. ಕಾರಣ'
ಮುಂದೆ ಖಾಲಿ ಬಿಟ್ಟಿದ್ದ.

ಬೆಲ್ಟ್ ಬಿಗಿಮಾಡಿ ಕೈ ಒರೆಸಿಕೊಂಡೆ.
'ನಿನ್ನ ಹುರಿ ಒಂದು ನಿಮಿಷ ಜಾಸ್ತಿ, ಶಾಜಿ.
ಘಮಕ್ಕಿಂತ ಮೊದಲು ಕರಕಲು ಬರುತ್ತದೆ.'
ಬರೆದುಕೊಂಡ, ತಲೆ ಎತ್ತದೆ.
ನಾನು ರಸ್ತೆ ದಾಟುವಾಗ ಹಿಂದಿನಿಂದ ಕೂಗಿದ:
'ಚೇಚೀ, ನಿಮ್ಮ ಬೋರ್ಡು ಕತ್ತಲಾದ ಮೇಲೆ ಕಾಣುವುದೇ ಇಲ್ಲ.'

ಭಾನುವಾರಕ್ಕೆ ಇನ್ನು ಮೂರು ದಿನ.
ಬಲ್ಬಿಗೆ ಹೇಳಿ ಕಳಿಸಿದೆ.