ಮೂರನೇ ಗೇಟು

ರೈಲ್ವೇದ್ದಲ್ಲ. ಅದು ಉದ್ಯಮಬಾಗದ ದಾರಿಯಲ್ಲಿದೆ,
ಗೂಡ್ಸ್ ಗಾಡಿ ಹಾಯುವ ತನಕ ನಮ್ಮ ಬುತ್ತಿ ತಣ್ಣಗಾಗುವುದು ಅಲ್ಲಿ.
ನಾನು ಹೇಳುವುದು ಆಟದೊಳಗಿನ ಗೇಟು:
‘ಕಡೇ ಕಕ್ಷೆ’, ಎರಡನೇ ಭಾಗ,
ಹೆಸರಿಲ್ಲದ ಚಂದ್ರನ ಬೆನ್ನ ಮೇಲೆ
ನಲವತ್ತಾಳೆತ್ತರ ನಿಂತದ್ದು.

ಕಟ್ಟಿದವರು ಮೂಲದವರಂತೆ.
ಅವರಿಗೆ ಕೈಗಳಿರಲಿಲ್ಲವಂತೆ.
ಬೆಳಕನ್ನೇ ಮೊಸರಿನ ಹಾಗೆ ಹೆಪ್ಪು ಹಾಕಿ
ಲೋಹ ಮಾಡಿದರಂತೆ.
ಬಾಳೇಶನಿಗೆ ಇದೆಲ್ಲ ಬಾಯಿಪಾಠ.
ಮೊದಲನೇ ಭಾಗದಲ್ಲಿ ಸತ್ತ ಪೈಲಟ್‌ನ ಲೋಟ
ಮೂರನೇ ಭಾಗದ ಅಡುಗೆಮನೆಯಲ್ಲಿ ಬೋರಲು ಬಿದ್ದದ್ದು,
ಗಾಳಿಯ ಸದ್ದನ್ನು ನಿಧಾನ ಮಾಡಿ ಕೇಳಿದರೆ
ಯಾರೋ ಎಣಿಸುತ್ತಿರುವುದು,
ಒಂಬತ್ತರ ತನಕ; ಹತ್ತಿಲ್ಲ.

ನನಗೆ ಅಷ್ಟು ತಿಳಿಯದು. ನಾನು ಫೆಟ್ಲಿಂಗ್‌ನವನು.
ಎರಕ ಮರಳು ಕೊಡವಿಕೊಂಡು ನನ್ನ ಮುಂದೆ ಬರುತ್ತದೆ;
ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆ ಕೂಡಿದ ಕಡೆ
ದಾರದಷ್ಟು ಒಂದು ಏಣು.
ಅದನ್ನು ಗ್ರೈಂಡರಿನಲ್ಲಿ ಇಲ್ಲವಾಗಿಸುವುದಕ್ಕೆ
ಹನ್ನೊಂದು ವರ್ಷದಿಂದ ಪಗಾರ.
ವಾಲ್ವು ನೋಡಿದವರು ಯಾರೂ
ಇದು ಒಮ್ಮೆ ಎರಡು ಅರ್ಧವಾಗಿತ್ತು ಅನ್ನಬಾರದು.

ಒಂದು ಐತವಾರ, ಶಹಾಪುರದ ಬಾಳೇಶನ ಮಾಳಿಗೆಯಲ್ಲಿ,
ಗುಂಡು ಮುಗಿದು, ಆಮ್ಲಜನಕ ಮುಗಿಯುತ್ತ ಬಂದು
ಗೇಟಿನ ಬುಡಕ್ಕೆ ಒರಗಿ ಸಾಯಲು ಕೂತೆ.
ಹೆಲ್ಮೆಟ್ಟಿನ ದೀಪ ಓರೆಯಾಗಿ ಬಿತ್ತು.
ಕಂಬದ ಮೈಮೇಲೆ, ಬುಡದಿಂದ ತುದಿಗೆ,
ಗೆರೆ.

ಬಾಳೇಶ, ಇದು ಬೆಳಕಲ್ಲೋ. ಎರಕ.
ಯಾರೋ ಮರಳು ತುಳಿದಾರ ಇಲ್ಲಿ.
ಆತ ನಕ್ಕ. ನಾನು ಸತ್ತೆ.
ಮತ್ತೆ ಹುಟ್ಟಿ ಅಲ್ಲಿಗೇ ಹೋದೆ.
ಮಗ್ಗುಲಲ್ಲಿ ರೈಸರ್ ಕಡಿದ ದುಂಡು ಗಾಯ,
ರೊಟ್ಟಿಯಷ್ಟಗಲ.

ಗಂಗಾರಾಮ ಸುತಾರರನ್ನು ಕರೆತಂದೆವು, ಪ್ಯಾಟರ್ನ್ ಮಿಸ್ತ್ರಿ.
ಅವರ ಅಳತೆಪಟ್ಟಿಯ ಅಡಿ
ಪೇಟೆಯ ಅಡಿಗಿಂತ ಚೂರು ಉದ್ದ;
ಆರಿದ ಮೇಲೆ ಲೋಹ ಕುಗ್ಗುತ್ತದಲ್ಲ, ಅದಕ್ಕೆ.
ಚಷ್ಮಾ ಹಣೆಗೇರಿಸಿ ಪರದೆಗೆ ಮೂಗು ಹಿಡಿದರು.
“ಗೆರಿಯಿಂದ ಈಚೆ ಮಗ್ಗಲಾ ಜರಾ ಇಳಕಲೈತಿ ನೋಡು.
ಒಂದೂವರಿ ಡಿಗ್ರಿ.
ಮರಳು ಹರೀಲಾರದಂಗ ಅಚ್ಚು ಕೀಳಬೇಕಲ್ಲ, ಅದಕ್ಕ ಬಿಟ್ಟಾನ.”
ಯಾರು ಬಿಟ್ಟಾನ? ಮೂಲದಾಂವನೋ, ಆಟ ಮಾಡಿದಾಂವನೋ?
“ಗೊತ್ತಿದ್ದಾಂವ,” ಅಂದರು.
ಬಸಿಯಲ್ಲಿ ಚಹಾ ಸುರಿದುಕೊಂಡರು.

ಅವತ್ತು ನಿದ್ದೆ ಬರಲಿಲ್ಲ.
ಬೆಳಕು ಅಂತ ಗೋಡೆಯ ಮೇಲೆ ಬರೆಸಿದವರು
ಆಫೀಸಿನವರಿರಬೇಕು.
ಭಟ್ಟಿಯ ಮುಂದೆ ನಿಂತವರು ಅದನ್ನು ಬೆಳಕು ಅನ್ನುವುದಿಲ್ಲ.
ಮಾಲು ಅಂತೀವಿ. ಮಾಲು ಬಂತು, ಸರೀರಿ.
ಹೆಸರಿಲ್ಲದ ಆ ಚಂದ್ರನ ಮೇಲೂ ಯಾರೋ ಒಬ್ಬ
ಹಾಗೆ ಕೂಗಿರಬೇಕು.
ಕೇಳಿಸಿಕೊಂಡು ಸರಿದವರಿಗೆ
ಕಾಲುಗಳಂತೂ ಇದ್ದವು.

ಹೋದ ತಿಂಗಳು ಆಟ ಹೊಸದಾಗಿ ಬಂತು,
ಚಿತ್ರ ನಾಲ್ಕು ಪಟ್ಟು ನುಣುಪು.
ಓಡಿದೆ ಗೇಟಿನ ಹತ್ತಿರ. ಗೆರೆಯಿಲ್ಲ.
ಯಾರದೋ ಪಾಳಿ, ಯಾರದೋ ಗ್ರೈಂಡರ್.
ಸಿಟ್ಟು ಬರಬೇಕಿತ್ತು, ಮೊದಲು ಬಂದದ್ದು
‘ಚಲೋ ಕೆಲಸ ಮಾಡ್ಯಾನ’ ಅಂತ.
ಆಮೇಲೆ ದೀಪವನ್ನು ನೆಲಕ್ಕೆ ತಾಗಿಸಿ
ಕಂಬದ ಹಿಂದಕ್ಕೆ ತೆವಳಿದೆ.
ಬುಡದ ಮೂಲೆಯಲ್ಲಿ, ಕಲ್ಲು ಹೋಗದ ಸಂದಿನಲ್ಲಿ,
ಬೆರಳಗಲ ಉಳಿದಿತ್ತು.
ಎಲ್ಲ ಎರಕದಲ್ಲೂ ಉಳಿಯುವುದು ಅಲ್ಲೇ.

ಸೋಮವಾರ ಒಂದು ವಾಲ್ವಿನ ಹೊಟ್ಟೆಯೊಳಗೆ
ಬೇಕಂತಲೇ ಅಷ್ಟು ಬಿಟ್ಟೆ.
ಇನ್ಸ್‌ಪೆಕ್ಷನ್ನಿನ ಸುಗಂಧಾ ಪಾಟೀಲ
ಕನ್ನಡಿ ಇಳಿಬಿಟ್ಟು ನೋಡಿ
ಹಳದಿ ಚಾಕಿನಲ್ಲಿ ಸುತ್ತು ಹಾಕಿ
ವಾಪಸು ಕಳಿಸಿದಳು.
ತಿಕ್ಕಿ ತೆಗೆದೆ. ಏನು ಮಾಡುವುದು.

ಆದರೂ ಅಂಥ ಕಣ್ಣು ಸುಮ್ಮನೆ ಹೋಗಬಾರದು.
ಬರುವ ಐತವಾರ ಅವಳನ್ನು ಮಾಳಿಗೆಗೆ ಕರೆದು
ಗಾಳಿ ಕೇಳಿಸಬೇಕು,
ಹತ್ತು ಎಲ್ಲಿ ಹೋಯಿತು ಅಂತ ಕೇಳಬೇಕು.